ಪಾವ್ಲುವಿನ ಪಾಲಿನ ತೆನೆ

ಸಾಗರ ಸ್ಟೇಷನ್

ಸಿಲೋನ್ ಎಂದರೆ ನಮ್ಮ ಬೀದಿಯವರಿಗೆ ರೇಡಿಯೋದಲ್ಲಿ ಹಾಡು ಬರುವ ಊರು, ಅಷ್ಟೇ. ನಾನು ಅಲ್ಲಿಗೆ ಹೊರಟಿದ್ದೇನೆಂದು ತಿಳಿದ ದಿನ ಎದುರುಮನೆಯ ಶಾರದಮ್ಮ ಬಾಗಿಲಲ್ಲೇ ನಿಂತು, "ಸೆರಾ, ಆ ಹಾಡು ಹಾಕೋರು ಸಿಕ್ಕಿದ್ರೆ ಹೇಳು ಮಾರಾಯ್ತಿ, ಬರೀ ಹಿಂದಿ ಹಾಕ್ತಾರೆ, ಒಂದಾದ್ರೂ ಕನ್ನಡ ಹಾಕಿ ಅಂತ" ಎಂದರು. ನಾನು ನಕ್ಕೆ. ನಗುವಾಗಲೂ ನನ್ನ ಕೈ ಸೊಂಟದ ಚೀಲವನ್ನು ಮುಟ್ಟಿ ನೋಡುತ್ತಿತ್ತು. ಅದರೊಳಗೆ ಮೂರು ಒಣ ಭತ್ತದ ತೆನೆಗಳಿದ್ದವು.

ನನ್ನ ಹೆಸರು ಸೆರಫಿನ್. ಸಾಗರದಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸಮುದ್ರ ದಾಟಿ ಬಂದವಳೆಂದು ಚರ್ಚಿನ ಹೆಂಗಸರು ಇಂದಿಗೂ ಕೂರಿಸಿಕೊಂಡು ಕೇಳುತ್ತಾರೆ. ಅಲ್ಲಿಯ ಹೆಂಗಸರು ಹೇಗೆ ಸೀರೆ ಉಡುತ್ತಾರೆ, ಆನೆ ಕಂಡೆಯಾ, ಹಡಗಿನಲ್ಲಿ ವಾಂತಿಯಾಯಿತಾ. ಅವನ್ನೆಲ್ಲ ಹೇಳಿದ್ದೇನೆ. ಯಾಕೆ ಹೋದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಕಾರ್ಮಿನ್ ಅತ್ತೆಯ ಹರಕೆಗೆ ಜೊತೆಯಾಗಿ ಹೋದೆ ಎಂದೇ ಎಲ್ಲರೂ ತಿಳಿದಿದ್ದಾರೆ. ಅದು ಅರ್ಧ ನಿಜ.

ಕಾರ್ಮಿನ್ ಅತ್ತೆ ನನ್ನ ಅಪ್ಪನ ತಂಗಿ. ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನ ಹತ್ತಿರ ದೋಸೆ ಅಂಗಡಿ ಇಟ್ಟುಕೊಂಡಿದ್ದ ವಿಧವೆ. ಮೊಣಕಾಲು ನೋವು ಇಳಿದರೆ ಸಿಲೋನಿನ ಕಾಡಿನಲ್ಲಿರುವ, ಯೇಸುವಿನ ತಾಯಿ ಮರಿಯಮ್ಮನವರ ಗುಡಿಗೆ ಬರುತ್ತೇನೆಂದು ಹರಕೆ ಹೊತ್ತಿದ್ದಳು. ನೋವು ಇಳಿದಿರಲಿಲ್ಲ. "ಮೊದ್ಲು ಹೋಗಿ ಬರ್ತೀನಿ, ಆಮೇಲೆ ಇಳಿಸ್ಲಿ. ಒಬ್ರಾದ್ರೂ ಮುಂಚೆ ನಂಬಬೇಕಲ್ಲ" ಎಂದು ಹೊರಟೇಬಿಟ್ಟಳು. ಅದೇ ಕಡೆ ನನ್ನ ತಮ್ಮ ಪಾವ್ಲು ಗಾರೆ ಕೆಲಸ ಮಾಡುತ್ತಿದ್ದಾನೆಂದು, ಹಿಂದಿನ ವರ್ಷ ಆ ಗುಡಿಗೆ ಹೋಗಿಬಂದ ಭದ್ರಾವತಿಯವರೊಬ್ಬರು ಅವಳಿಗೆ ಹೇಳಿದ್ದರು. ಅವನನ್ನು ಹುಡುಕುವುದು ನನ್ನ ಕೆಲಸ. ಹುಡುಕಿ, ಒಂದು ಮಾತು ಹೇಳಬೇಕಿತ್ತು. ಆ ಮಾತನ್ನು ಅತ್ತೆಗೂ ಹೇಳಿರಲಿಲ್ಲ.

ಬೀರೂರಿನಿಂದ ಆಚೆ

ಕ್ರೈಸ್ತರಲ್ಲದವರಿಗಾಗಿ ನಮ್ಮ ತೆನೆ ಹಬ್ಬದ ವಿಷಯ ಹೇಳಬೇಕು. ಮರಿಯಮ್ಮನವರ ಹುಟ್ಟುಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸಿ ಹಂಚುತ್ತಾರೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ತೆನೆ. ಕಾಳು ಸುಲಿದು ತೆಂಗಿನ ಹಾಲಿನಲ್ಲಿ ಹಾಕಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು. ಅಂದು ಮೀನು ಮಾಂಸ ಇಲ್ಲ. ಹೊರಗೆ ಇರುವವರ ತೆನೆಯನ್ನು ಕವರಿನಲ್ಲಿಟ್ಟು ಅಂಚೆಗೆ ಹಾಕುತ್ತೇವೆ. ಬೊಂಬಾಯಿಯಲ್ಲಿರಲಿ, ಆಫ್ರಿಕಾದಲ್ಲಿರಲಿ, ಆ ಕಾಳು ಬಾಯಿಗೆ ಬಿದ್ದರೆ ಮನೆಯ ಸಾಲಿನಲ್ಲಿ ಕೂತು ಉಂಡ ಹಾಗೆ. ತೆನೆ ಬರದಿದ್ದರೆ ಮನೆಯವರು ಅವನನ್ನು ಬಿಟ್ಟು ಎಣಿಸಿದರೆಂದೇ ಅರ್ಥ. ಇದಕ್ಕೆ ಬೇರೆ ಅರ್ಥ ಮಾಡಿಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲ.

ಆ ಹೊತ್ತಿಗೆ ನಮ್ಮ ಕಡೆ ಗದ್ದೆ ಇನ್ನೂ ಹಸಿರು. ಅದಕ್ಕಾಗಿ ಅಮ್ಮ ಹೊಸನಗರದ ಆಚೆ ನಮ್ಮ ಸಣ್ಣ ಗದ್ದೆಯ ಬಾವಿ ಬದಿಯಲ್ಲಿ ಒಂದು ಮಡಿಯನ್ನು ಎಲ್ಲರಿಗಿಂತ ಮುಂಚೆ ಬಿತ್ತಿಸುತ್ತಿದ್ದಳು. ಅಲ್ಲಿಯ ತೆನೆಯನ್ನು ಚರ್ಚಿಗೆ ಕೊಡುವುದು ಅವಳ ಹೆಮ್ಮೆ. ಊಟಕ್ಕೆ ಬಡಿಸುವಾಗ ಎಲ್ಲರ ಹೆಸರನ್ನೂ ಕರೆಯುವಳು. ಮೊದಲು ತೀರಿಕೊಂಡವರು, ಆಮೇಲೆ ದೂರ ಇರುವವರು, ಕೊನೆಗೆ ಎದುರಿಗೆ ಕೂತವರು. ಎದುರಿಗಿದ್ದವರು "ಇಲ್ಲಿದ್ದೀನಿ" ಎಂದು ತಟ್ಟೆ ಒಡ್ಡಬೇಕು.

ಪಾವ್ಲು ಲಿಂಗನಮಕ್ಕಿಯ ಅಣೆಕಟ್ಟಿನಲ್ಲಿ ಗಾರೆ ಕೆಲಸ ಕಲಿತವನು. ನಮ್ಮ ಗದ್ದೆಯನ್ನು ಮುಂದೆ ಮುಳುಗಿಸಲಿದ್ದ ಗೋಡೆಯನ್ನು ಅವನೂ ಕಟ್ಟಿದ್ದ. ಅಲ್ಲಿಂದ ಒಬ್ಬ ಕಂಟ್ರಾಕ್ಟರನ ಜೊತೆ ಸಿಲೋನಿಗೆ ಹೋದ. ಅವನು ಹೊರಟ ವರ್ಷವೇ, ತೆನೆ ಹಬ್ಬದ ಮಾರನೇ ದಿನ, ಅವನ ಕಾಗದ ಬಂತು. ಅಮ್ಮನಿಗೆ ಓದು ಬಾರದು. ನಾನೇ ಓದಿದೆ. ಅಮ್ಮ ಹೇಗಿದ್ದಾಳೆ, ಅತ್ತೆಯ ಮೊಣಕಾಲು ಹೇಗಿದೆ, ಕೆಂಪಿ ಕರು ಹಾಕಿತಾ, ಪಾದ್ರಿಗಳು ಬದಲಾದರಾ ಎಂದು ಎಲ್ಲವನ್ನೂ ಕೇಳಿದ್ದ. ದನವನ್ನು ಕೇಳಿದ್ದ. ನನ್ನನ್ನು ಕೇಳಿರಲಿಲ್ಲ.

ಅವನ ತೆನೆಯಿಟ್ಟ ಕವರು ವಿಳಾಸ ಬರೆದು ಸಿದ್ಧವಾಗಿತ್ತು. ನಾನು ಅದನ್ನು ಗೋಡೆಯ ಮರಿಯಮ್ಮನ ಪಟದ ಹಿಂದೆ ತುರುಕಿದೆ. ಎರಡು ದಿನ ಕಾಯಲಿ ಎಂದುಕೊಂಡೆ. ಎರಡು ದಿನ ಎರಡು ವಾರವಾಯಿತು. "ಹಾಕಿದ್ಯಾ?" ಎಂದು ಅಮ್ಮ ಕೇಳಿದಾಗ "ಹಾಕ್ದೆ" ಎಂದೆ. ಆ ಮೇಲೆ ಹಾಕಿದರೆ ತಡವಾದದ್ದು ಯಾಕೆಂದು ಅವನು ಕೇಳುತ್ತಾನೆ. ಮರುವರ್ಷ ಹಾಕಿದರೆ ಹಿಂದಿನ ವರ್ಷದ್ದು ಯಾಕೆ ಬರಲಿಲ್ಲವೆಂದು ಕೇಳುತ್ತಾನೆ. ಹೀಗೆ ಪಟದ ಹಿಂದೆ ಮೂರು ತೆನೆ ಸೇರಿದವು. ಅವನ ಕಾಗದಗಳು ನಿಂತವು. ನಾವು ಬರೆದವು ವಿಳಾಸದಾರರಿಲ್ಲ ಎಂದು ವಾಪಸಾದವು.

ನಾವು ಸಿಲೋನಿಗೆ ಹೊರಟ ವರ್ಷದ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅಮ್ಮ ಹಾಸಿಗೆ ಹಿಡಿದಳು. "ಪಾವ್ಲು ತೆನೆ ತಿಂದ್ನಂತಾ?" ಎಂದು ಕೇಳಿದಳು. ನಾನು ಜವಳಿ ಅಂಗಡಿಯ ರಸೀದಿಯೊಂದನ್ನು ಹಿಡಿದು, ಅದು ಅವನ ಕಾಗದವೆಂದು ಓದಿ ಹೇಳಿದೆ. ಅಮ್ಮ ಸಮಾಧಾನದಿಂದ ಕಣ್ಣು ಮುಚ್ಚಿದಳು, ಮತ್ತೆ ತೆರೆಯಲಿಲ್ಲ. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ.

ರೈಲಿನಲ್ಲಿ ಇದನ್ನೆಲ್ಲ ಮನಸ್ಸಿನಲ್ಲೇ ಹೊಸೆಯುತ್ತ ಕೂತಿದ್ದೆ. ಪಾವ್ಲು ಸಿಗದಿದ್ದರೆ? ಸಿಕ್ಕಿ, ಮುಖ ತಿರುಗಿಸಿದರೆ? ಅವನೂ ಇಲ್ಲದೇ ಹೋಗಿದ್ದರೆ? ಅಷ್ಟರಲ್ಲಿ ಎದುರು ಸೀಟಿನ ಮೂಡಿಗೆರೆ ಸಾಹುಕಾರರು ಕಾಲೆತ್ತಿ ಕೂಗಿಕೊಂಡರು. ಅವರ ಬಿಳಿ ಪಂಚೆ ಕೆಂಪಾಗಿತ್ತು. ರಕ್ತವೆಂದು ಡಬ್ಬಿಯವರೆಲ್ಲ ಎದ್ದರು. ಅದು ಅತ್ತೆಯ ಮಿಡಿ ಉಪ್ಪಿನಕಾಯಿಯ ಭರಣಿ ಸೋರಿದ್ದು.

"ಹೆದರ್ಬೇಡಿ, ಅಪ್ಪೆಮಿಡಿ, ಒಳ್ಳೇ ಜಾತಿದು" ಎಂದಳು ಅತ್ತೆ.

"ಪಂಚೆಗೆ ಜಾತಿ ಗೊತ್ತಾಗ್ತದಾ?" ಎಂದು ಅವರು ರೇಗಿದರು. ಆದರೆ ಮಧ್ಯಾಹ್ನ ಮೊಸರನ್ನ ಬಿಚ್ಚಿದಾಗ ಅವರೇ, "ಆ ಒಳ್ಳೇ ಜಾತಿದು ಒಂದು ಇದ್ರೆ ಕೊಡಿ" ಎಂದು ಕೈ ಚಾಚಿದರು.

ಮಂಡಪಂ

ತಿರುಚ್ಚಿ ದಾಟಿದ ಮೇಲೆ ಮಣ್ಣು ಬಿಳಿಯಾಗುತ್ತಾ ಹೋಯಿತು. ನಮ್ಮ ಕಡೆ ಎಲ್ಲಿ ನೋಡಿದರೂ ಮರ ಅಡ್ಡ ಬರುತ್ತದೆ. ಅಲ್ಲಿ ಕಣ್ಣಿಗೆ ಅಡ್ಡ ಬರುವುದು ತಾಳೆಮರ ಮಾತ್ರ, ಅದೂ ಒಂದಕ್ಕೊಂದು ಮಾತು ಬಿಟ್ಟವರ ಹಾಗೆ ದೂರ ದೂರ. ನೆಲ ಅಷ್ಟು ಬಯಲಾದರೆ ನನಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ಮಂಡಪಂನಲ್ಲಿ ಸಿಲೋನಿಗೆ ಹೋಗುವವರನ್ನು ಇಳಿಸಿ ರೋಗ ರುಜಿನ ನೋಡುತ್ತಾರೆ. ಹೆಂಗಸರ ಸಾಲಿನಲ್ಲಿ ನಿಂತಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರಮ್ಮ ನಾಡಿ ಹಿಡಿದು ಹುಬ್ಬು ಗಂಟಿಕ್ಕಿದರು. ತಮಿಳಿನಲ್ಲಿ ಏನೋ ಕೇಳಿದರು. ಅತ್ತೆಗೆ ಕಾಫಿ ತೋಟದ ಕೂಲಿಯವರಿಂದ ಕಲಿತ ಹರಕು ತಮಿಳು ಬರುತ್ತಿತ್ತು.

"ಜ್ವರ ಇದೆಯಾ ಅಂತ ಕೇಳ್ತಾರೆ. ಇಲ್ಲ, ಇವಳು ಹುಟ್ಟಿದಾಗ್ಲಿಂದ ಹೀಗೇ ಅಂತ ಹೇಳ್ದೆ."

ಡಾಕ್ಟರಮ್ಮ ನಕ್ಕು ಚೀಟಿಗೆ ಸಹಿ ಹಾಕಿದರು.

ಸಂಜೆ ಕ್ಯಾಂಪಿನ ಜಗುಲಿಯಲ್ಲಿ ಅತ್ತೆ ಜಪಮಾಲೆ ತೆಗೆದಳು. ನಾನೂ ಕೂತೆ. ಬಾಯಿ ಜಪ ಹೇಳುತ್ತಿತ್ತು, ಮನಸ್ಸು ನಾಳೆಯ ಹಡಗಿನಲ್ಲಿತ್ತು. ಮುಗಿದ ಮೇಲೆ ಅತ್ತೆ ನಶ್ಯ ಏರಿಸಿ ನನ್ನನ್ನೇ ನೋಡಿದಳು.

"ಎಂತದೇ ಅದು, ಮೂರು ದಿನದಿಂದ ನೋಡ್ತಿದೀನಿ, ಸೊಂಟ ಮುಟ್ಕೊಳ್ತೀಯ, ಉಸಿರು ಬಿಡ್ತೀಯ. ಚಿನ್ನ ಇಟ್ಕೊಂಡಿದೀಯಾ?"

ನಾನು ಚೀಲ ಬಿಚ್ಚಿ ತೋರಿಸಿದೆ. ಮೂರು ತೆನೆ ಕಂಡ ಕೂಡಲೇ ಅವಳಿಗೆ ತಿಳಿಯಿತು. ನಮ್ಮವರಿಗೆ ಹೇಳಬೇಕಾಗಿಯೇ ಇಲ್ಲ. ಮುಖ ಕಪ್ಪಿಟ್ಟಿತು.

"ಪಾವ್ಲೂದಾ?"

"ಹೌದು."

"ಮೂರೂ?"

"ಮೂರೂ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎದ್ದು ಹೋಗಿ ಕಂಬಳಿ ಹೊದ್ದು ಮಲಗಿದಳು. ಜೀವನದಲ್ಲಿ ಮೊದಲ ಸಲ ಅವಳು ನನಗೆ ಊಟವಾಯಿತಾ ಎಂದು ಕೇಳಲಿಲ್ಲ.

ಹಡಗು

ಪಾಂಬನ್ ಸೇತುವೆಯ ಮೇಲೆ ರೈಲು ನಡೆದು ಹೋಗುವವರ ಹಾಗೆ ಹೋಗುತ್ತದೆ. ಕಿಟಕಿಯಿಂದ ಕೆಳಗೆ ನೋಡಿದರೆ ಹಳಿ ಕಾಣುವುದಿಲ್ಲ, ನೀರು ಕಾಣುತ್ತದೆ. ಧನುಷ್ಕೋಟಿಯಲ್ಲಿ ರೈಲಿನಿಂದ ಇಳಿದು ನಾಲ್ಕು ಹೆಜ್ಜೆಗೆ ಹಡಗು. ನಾವು ಇಡ್ಲಿ ತಿಂದ ಅಂಗಡಿ, ಅಲ್ಲಿಯ ಸಣ್ಣ ಚರ್ಚು, ಬಲೆ ಒಣಗಿಸುತ್ತಿದ್ದ ಹೆಂಗಸರು, ಯಾವುದೂ ಈಗ ಇಲ್ಲ. ನಾವು ಹೋಗಿಬಂದ ಮರುವರ್ಷದ ಬಿರುಗಾಳಿಯಲ್ಲಿ ಸಮುದ್ರ ಆ ಊರನ್ನೇ ತೆಗೆದುಕೊಂಡು ಹೋಯಿತು. ಅಂದು ಅಲ್ಲಿ ಕೂತಿದ್ದವರು ಯಾರಿಗೂ ಅದರ ಚಿಂತೆ ಇರಲಿಲ್ಲ. ನಾನು ಮಾತ್ರ, ಹಡಗು ಮುಳುಗಿದರೆ ತೆನೆ ಒದ್ದೆಯಾಗುತ್ತದಲ್ಲ ಎಂದು ಚಿಂತಿಸುತ್ತಿದ್ದೆ.

ನೀರೆಂದರೆ ನಾನು ಕಂಡದ್ದು ಹೊಳೆಬಾಗಿಲಿನ ಹೊಳೆ. ದೋಣಿಯಲ್ಲಿ ಕೂತರೆ ಆಚೆ ದಡದ ಜನರ ಮುಖ ಕಾಣುತ್ತಿತ್ತು. ಇಲ್ಲಿ ಆಚೆ ದಡವೇ ಇಲ್ಲ. ಹಡಗು ಓಲಾಡತೊಡಗಿದಾಗ ನಾನು ಕಂಬಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿ ಹಿಡಿದೆ. ಬೆಳಗಿನಿಂದ ಮಾತಾಡದ ಅತ್ತೆ ಪಕ್ಕಕ್ಕೆ ಬಂದು ನಿಂತಳು.

"ಹೇಳ್ಬೇಕು ಅಂತ ಹೊರಟಿದೀಯಲ್ಲ, ಅಷ್ಟು ಸಾಕು ಬಿಡು" ಎಂದಳು.

"ಅವನು ಏನಂತಾನೋ ಅತ್ತೆ."

"ಅದು ನಾಳೆದು."

"ಅಮ್ಮಂಗೆ ಸುಳ್ಳು ಹೇಳಿದ್ದು?"

"ಅದು ಹೋದದ್ದು." ಜಪಮಾಲೆಯ ಒಂದು ಮಣಿಯನ್ನು ನನ್ನ ಬೆರಳಿಗೆ ಒತ್ತಿದಳು. "ದಿನಾ ಐವತ್ತು ಸಲ ಹೇಳ್ತೀಯ, ತಾಯೇ, ನಮಗಾಗಿ ಈಗಲೂ ಬೇಡ್ಕೋ, ಸಾಯೋ ಹೊತ್ತಲ್ಲೂ ಬೇಡ್ಕೋ ಅಂತ. ಎರಡೇ ಹೊತ್ತು ಅದ್ರಲ್ಲಿ ಇರೋದು. ನಿನ್ನೆದು ಇದೆಯಾ? ನಾಳೆದು ಇದೆಯಾ? ಯೇಸು ಕರ್ತರು ಕಲಿಸಿದ ಜಪದಲ್ಲಿ ಊಟ ಕೇಳೋದೂ ಇವತ್ತಿಂದೇ. ನಂಗೆ ಓದು ಬರಲ್ಲ, ಆದ್ರೆ ಬಾಯಲ್ಲಿ ಹೇಳಿದ್ದು ಕಿವಿಗೆ ಕೇಳ್ತದೆ."

"ಹೇಳೋದು ಸುಲಭ ಅತ್ತೆ."

"ಸುಲಭ ಅಂತ ಯಾರಂದ್ರು? ಈಗ ಎಂತ ಇದೆ ಹೇಳು. ಈಗ."

"ಕಂಬಿ ಇದೆ."

"ಹಿಡ್ಕೊಂಡಿದೀಯಲ್ಲ. ಮತ್ತೆ?"

"ವಾಂತಿ ಬರೋ ಹಾಗಿದೆ."

"ಹಾಗಾದ್ರೆ ಆ ಕಡೆ ತಿರುಗು, ನನ್ ಸೀರೆ ಹೊಸದು."

ವಾಂತಿಯಾಯಿತು. ಬಾಯಿ ತೊಳೆದು ಎದ್ದಾಗ, ಒಂದು ಮಣಿ ಎಣಿಸುವಷ್ಟು ಹೊತ್ತು ನನ್ನೊಳಗೆ ಏನೂ ಇರಲಿಲ್ಲ. ಗಾಳಿ, ಉಪ್ಪು, ಅತ್ತೆಯ ಕೈ. ಆಮೇಲೆ ಚಿಂತೆ ಮತ್ತೆ ಬಂತು. ಆದರೆ ಅದಿಲ್ಲದೆಯೂ ಒಂದು ಕ್ಷಣ ಬದುಕಬಹುದೆಂದು ನನಗೆ ತಿಳಿದುಬಿಟ್ಟಿತ್ತು.

ತಲೈಮನ್ನಾರ್

ಅಲ್ಲಿಯ ಹಡಗುಕಟ್ಟೆಯಲ್ಲಿ ಇಳಿದವರ ಗಂಟು ಮೂಟೆಗಳನ್ನು ಉದ್ದ ಮೇಜಿನ ಮೇಲೆ ಬಿಚ್ಚಿಸುತ್ತಾರೆ. ಬಿಳಿ ಚಡ್ಡಿ ತೊಟ್ಟ ಅಧಿಕಾರಿ ಸಣ್ಣ ವಯಸ್ಸಿನವನು, ಮರ್ಯಾದಸ್ಥ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದು ಮೂಸಿದ. ಕಣ್ಣಲ್ಲಿ ನೀರು ಬಂತು. "ಪೋ, ಪೋ" ಎಂದು ಬಿಟ್ಟ. ನನ್ನ ಸೊಂಟದ ಚೀಲ ತೋರಿಸಿ ಇದೇನೆಂದ.

ತೆನೆ ನೋಡಿ ತಲೆ ಅಲ್ಲಾಡಿಸಿದ. ಬೀಜ, ಭತ್ತ ಯಾವುದನ್ನೂ ಹೊರಗಿನಿಂದ ಒಳಗೆ ಬಿಡುವುದಿಲ್ಲ, ಬೆಳೆಗೆ ರೋಗ ತಗಲುತ್ತದೆ ಎಂದು ಅವನು ಹೇಳಿದ್ದನ್ನು ಅತ್ತೆ ತಿಳಿಸಿದಳು.

"ಹೇಳು ಅತ್ತೆ, ಇದು ಬಿತ್ತೋಕಲ್ಲ, ದೇವರದ್ದು ಅಂತ ಹೇಳು."

"ಸಾಮಿ ನೆಲ್ಲು, ಸಾಮಿ ನೆಲ್ಲು" ಎಂದು ಅತ್ತೆ ಕೈ ಮುಗಿದಳು.

ಅವನು ಒಂದು ತೆನೆಯನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿದ. ಅದರಿಂದ ಒಂದು ಕಪ್ಪು ಹುಳ ಹೊರಬಂದು, ನಮ್ಮ ಮೂವರ ಎದುರಿಗೇ, ಮೇಜಿನ ಅಂಚಿನವರೆಗೆ ನಡೆದು ಹೋಯಿತು. ಅವನು ಬೇಸರದಿಂದಲೇ ಏನೋ ಹೇಳಿದ.

"ಸಾಮಿ ನೆಲ್ಲಿಗೂ ಹುಳ ಹಿಡೀತದಮ್ಮ, ಅಂತಾನೆ" ಎಂದಳು ಅತ್ತೆ.

ನಾನು ಮೇಜು ಹಿಡಿದು ಅಳತೊಡಗಿದೆ. ಹಿಂದಿನ ಸಾಲಿನವರು ಗದ್ದಲ ಮಾಡಿದರು. ಅವನು ತೆನೆಗಳನ್ನು ಒಂದು ತಗಡಿನ ಡಬ್ಬಿಗೆ ಹಾಕಿ, ಎಸೆಯದೆ, ಮೆಲ್ಲಗೆ ಮುಚ್ಚಳ ಹಾಕಿದ. ಅಂದೇ ಕವರಿನಲ್ಲಿ ಅಂಚೆಗೆ ಹಾಕಿದ್ದರೆ ಯಾರೂ ಕೇಳದೆ ದಾಟಿ ಹೋಗುತ್ತಿದ್ದವು. ಅಷ್ಟು ಸುಲಭವಾಗಿ ಆಗಬಹುದಾಗಿದ್ದನ್ನು ನಾನು ಮಾಡಿರಲಿಲ್ಲ. ಈಗ ಇಷ್ಟು ಕಷ್ಟಪಟ್ಟು ತಂದರೂ ಆಗಲಿಲ್ಲ.

ತೆನೆ ಕೈಯಲ್ಲಿದ್ದರೆ ಮಾತು ಕಡಿಮೆ ಸಾಕಾಗುತ್ತಿತ್ತು. ಅವನ ಮುಂದೆ ಇಟ್ಟರೆ ಅವೇ ಹೇಳುತ್ತಿದ್ದವು. ಈಗ ಬರಿಗೈ. ಬಾಯಿ ಬಿಟ್ಟೇ ಹೇಳಬೇಕು.

ಕಾಡಿನ ಗುಡಿ

ಅಲ್ಲಿಯ ಜನ ಚಹಾಕ್ಕೆ ಬೆಲ್ಲ ಕರಗಿಸುವುದಿಲ್ಲ. ಅಂಗೈಯಲ್ಲಿ ಬೆಲ್ಲದ ಚೂರಿಟ್ಟುಕೊಂಡು ಕಚ್ಚುತ್ತಾ ಕಪ್ಪು ಚಹಾ ಕುಡಿಯುತ್ತಾರೆ. ಯಾರ ಮನೆಯ ಬಿಡಾರಕ್ಕೆ ಹೋದರೂ ಮೊದಲು ಅಂಗೈ ಚಾಚಬೇಕು. ನನಗೆ ಅದು ಹಿಡಿಸಿತು. ಮರಿಯಮ್ಮನ ಗುಡಿಯ ಸುತ್ತ ಕಾಡಿನಲ್ಲಿ ಸೊಪ್ಪಿನ ಚಪ್ಪರ ಹಾಕಿಕೊಂಡು ಸಾವಿರಾರು ಜನ ಇಳಿದಿದ್ದರು. ತಮಿಳರು, ಸಿಂಹಳದವರು ಒಂದೇ ಬಾವಿಯ ನೀರು ಸೇದುತ್ತಿದ್ದರು. ನಮ್ಮಲ್ಲಿ ಕೊಡ ತಾಗಿದರೇ ಜಗಳ. ಇಲ್ಲಿ ಯಾರದ್ದೋ ಕೊಡವನ್ನು ಇನ್ನಾರೋ ತುಂಬಿಸಿಕೊಟ್ಟು ಹೋಗುತ್ತಿದ್ದರು.

ಗುಡಿಯಲ್ಲಿ ನಾನು ಪಾಪನಿವೇದನೆಗೆ ಕೂತೆ. ಮುದಿ ಪಾದ್ರಿಗಳಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಆದರೂ ತೆನೆಯಿಂದ ಹಿಡಿದು ಜವಳಿ ರಸೀದಿಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೆ ಕೇಳಿ, ಚರ್ಚಿನ ಲತೀನ್ ಭಾಷೆಯಲ್ಲಿ ಪಾಪ ಬಿಡಿಸಿ, ತಲೆ ಮುಟ್ಟಿದರು. ಹೊರಗೆ ಬಂದು ಅತ್ತೆಗೆ ಹೇಳಿದೆ.

"ಅವರಿಗೆ ಒಂದೂ ತಿಳೀಲಿಲ್ಲ ಅತ್ತೆ."

"ತಿಳಿಯೋನಿಗೆ ತಿಳೀತು. ಮತ್ಯಾಕೆ ಇನ್ನೂ ಮುಖ ಹಾಗಿದೆ?"

"ಪಾವ್ಲೂಗೆ ಕನ್ನಡ ಬರ್ತದಲ್ಲ."

ಅತ್ತೆ ಅಷ್ಟು ಜೋರಾಗಿ ನಕ್ಕದ್ದನ್ನು ಪ್ರಯಾಣದಲ್ಲಿ ಅದೊಂದೇ ಸಲ ಕಂಡೆ.

ಗುಡಿಯ ಹಬ್ಬ ಮುಗಿಯುವವರೆಗೆ ನಾನು ಪ್ರತಿ ಗಂಡಸಿನ ಮುಖ ನೋಡಿದೆ. ಪಾವ್ಲು ಇರಲಿಲ್ಲ. ಹೊರಡುವ ದಿನ ಅತ್ತೆ ಗಾಡಿಯವರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು ಕೇಳಿದಳು. ಮನ್ನಾರಿನ ಕಡೆಯ ಒಬ್ಬ ಮುದುಕ, "ಕನ್ನಡ ಮೇಸ್ತ್ರಿಯಾ? ನಮ್ಮ ಕೆರೆಯ ತೂಬು ಕಟ್ಟುತ್ತಿರುವವನು ಅವನೇ" ಎಂದು ನಮ್ಮನ್ನು ಎತ್ತಿನ ಗಾಡಿಗೆ ಹತ್ತಿಸಿಕೊಂಡ.

ಅವನು ಬದುಕಿದ್ದಾನೆ. ಆ ಖುಷಿ ಗಾಡಿಯ ಗಾಲಿ ನಾಲ್ಕು ಸುತ್ತು ತಿರುಗುವವರೆಗೆ ಇತ್ತು. ಆಮೇಲೆ ಹೆದರಿಕೆ. ದಾರಿಯುದ್ದಕ್ಕೂ ಬೆರಳು ಮಣಿಯ ಮೇಲಿಟ್ಟುಕೊಂಡು, ಈಗ ಧೂಳು, ಈಗ ಎತ್ತಿನ ಗಂಟೆ, ಈಗ ತಾಯಿ ಜೊತೆಗಿದ್ದಾಳೆ ಎಂದು ಹೇಳಿಕೊಂಡೆ. ನಿಲ್ಲಿಸಿದ ಕೂಡಲೇ ಹೆದರಿಕೆ ವಾಪಸು ಬರುತ್ತಿತ್ತು. ಮತ್ತೆ ಮೊದಲಿನಿಂದ.

ಕೆರೆಯ ತೂಬು

ಆ ಕೆರೆಯನ್ನು ಕೆರೆ ಎನ್ನುವುದು ಕಷ್ಟ. ಆಚೆ ದಂಡೆ ಕಾಣದು. ಕೆಳಗೆ ಗದ್ದೆಗಳು ಹರಡಿದ್ದವು. ಏರಿಯ ಮೇಲೆ, ನಿಂತು ಕೆಲಸ ಮಾಡಲು ಗಳುಗಳ ಸಾರುವೆ ಕಟ್ಟಿಕೊಂಡು ಒಬ್ಬ ಗಂಡಸು ತೂಬಿನ ಗೋಡೆಗೆ ಗಾರೆ ಹಾಕುತ್ತಿದ್ದ. ಬೆನ್ನು ಕಂಡೇ ಗುರುತಾಯಿತು. ಅಪ್ಪನ ಬೆನ್ನು.

"ಪಾವ್ಲು" ಎಂದೆ. ಅವನಿಗೆ ಕೇಳಿಸಲಿಲ್ಲ. ಅತ್ತೆ ಕೂಗಿದಳು.

ತಿರುಗಿದ. ಕೈಯಲ್ಲಿ ಗಾರೆ ಮೆತ್ತುವ ಕರಣೆ ಹಾಗೇ ಇತ್ತು. ನಮ್ಮನ್ನು ನೋಡಿ ಅವನು ಕೇಳಿದ್ದು ಒಂದೇ ಮಾತು.

"ಯಾರು ಹೋದ್ರು?"

"ಅಮ್ಮ."

"ಯಾವಾಗ?"

"ತಪಸ್ಸುಕಾಲದಲ್ಲಿ."

ಕರಣೆಯ ಅಂಚನ್ನು ಬೆರಳಿನಿಂದ ಒರೆಸಿದ. ಆಮೇಲೆ ಗೋಡೆಗೆ ತಿರುಗಿದ. "ಗಾರೆ ಕಲಸಿಟ್ಟಿದೀನಿ ಅಕ್ಕ. ಇದು ಕಾಯಲ್ಲ. ಮುಗಿಸಿ ಬರ್ತೀನಿ."

ನಾವು ಹೊಂಗೆ ಮರದ ಕೆಳಗೆ ಕೂತೆವು. ಕರಣೆಯ ಸದ್ದು ನಿಲ್ಲಲಿಲ್ಲ. ನಡುವೆ ಒಮ್ಮೊಮ್ಮೆ ಅವನು ಮುಂಗೈಯಿಂದ ಮುಖ ಒರೆಸಿಕೊಂಡ. ಕಲಸಿದ್ದೆಲ್ಲ ಮುಗಿದ ಮೇಲೆಯೇ ಇಳಿದುಬಂದ.

ಸಂಜೆಯ ಊಟ

ಅವನ ಮನೆ ತಾಳೆಗರಿ ಹೊದಿಸಿದ ಎರಡು ಕೋಣೆ. ಹೆಂಡತಿ ಸವರಿಯಮ್ಮ ಅಲ್ಲಿಯದೇ ಹುಡುಗಿ. ಕನ್ನಡದಲ್ಲಿ ಅವಳಿಗೆ ಬರುತ್ತಿದ್ದುದು "ಬನ್ನಿ", "ಕೂತ್ಕೊಳ್ಳಿ", ಮತ್ತೊಂದು ಸಾಗರದ ಬೈಗುಳ. ಮೂರನ್ನೂ ಒಂದೇ ಉಸಿರಿಗೆ ಹೇಳಿ ನಮ್ಮನ್ನು ಒಳಗೆ ಕರೆದಳು. ಪಾವ್ಲು ನಾಚಿಕೊಂಡ.

ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. ಬಾಗಿಲ ಕಂಬಕ್ಕೆ ಒರಗಿ ಎಲ್ಲ ಹೇಳಿದೆ. "ಅಮ್ಮ ಪ್ರತಿ ವರ್ಷ ನಿನ್ನ ಹೆಸರು ಕರೆದ್ಲು ಪಾವ್ಲು. ಪ್ರತಿ ವರ್ಷ ತೆನೆ ಎತ್ತಿಟ್ಲು. ಹಾಕದೇ ಇದ್ದೋಳು ನಾನು." ರಸೀದಿಯ ವಿಷಯವನ್ನೂ ಹೇಳಿದೆ.

ಅವನ ಮುಖ ಕಲ್ಲಾಯಿತು. "ಅಮ್ಮ ನನ್ನ ಕೈ ಬಿಟ್ಳು ಅಂದ್ಕೊಂಡೆ ಅಕ್ಕ. ಅದಕ್ಕೇ ಬರೆಯೋದು ಬಿಟ್ಟೆ. ಈಗ ಯಾರ ಹತ್ರ ಹೋಗಿ ಹೇಳ್ಲಿ?" ಎದ್ದು ಕೆರೆಯ ಏರಿ ಕಡೆ ಹೊರಟುಹೋದ.

ನಾನು ಹಿಂದೆಯೇ ಓಡಲು ಹೊರಟೆ. ಅತ್ತೆ ಸೆರಗು ಹಿಡಿದಳು. "ಅವನ ಹೊತ್ತು ಅವನಿಗೆ ಬಿಡು. ನಿಂದು ಎಂತ, ಈಗ?"

ಈಗ ಇದ್ದದ್ದು ಒಂದು ಮೊರ. ಸವರಿಯಮ್ಮ ರೇಷನ್ ಅಕ್ಕಿ ಹಾಕಿ ನನ್ನ ಮುಂದೆ ಇಟ್ಟಿದ್ದಳು. ಕಲ್ಲು ತುಂಬಿದ ಅಕ್ಕಿ. ನಮ್ಮ ಕೆಂಪಕ್ಕಿಯ ಹಾಗೇ ದಪ್ಪ, ಬಣ್ಣ ಮಾತ್ರ ತಿಳಿ. ನಾನು ಆರಿಸತೊಡಗಿದೆ. ಅವನು ಬಾರದಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಕಲ್ಲು ತಪ್ಪಿ ಹೋಗುತ್ತಿತ್ತು. ಹಾಗಾಗಿ ಬೆರಳ ಕೆಳಗಿನ ಕಾಳನ್ನೇ ನೋಡಿದೆ. ಈ ಕಾಳು. ಆಮೇಲೆ ಈ ಕಾಳು. ಬಾಯಿ ತನ್ನಷ್ಟಕ್ಕೇ ಜಪ ಹೇಳಿತು. ಇವತ್ತಿನ ಅನ್ನವನ್ನು ಇವತ್ತು ಕೇಳಿದೆ. ಅದಕ್ಕಿಂತ ಹೆಚ್ಚು ಏನನ್ನೂ ಕೇಳಲಿಲ್ಲ. ಕ್ಷಮಿಸು ಎಂದೂ ಕೇಳಲಿಲ್ಲ, ಅದು ಪಾವ್ಲುವಿನ ಕೈಯಲ್ಲಿತ್ತು. ತಪ್ಪು ಹಾಗೇ ಇತ್ತು, ಆದರೆ ನಾನು ಅದರ ಎದುರಿಗೆ ಕೂತಿದ್ದೆ, ಓಡುತ್ತಿರಲಿಲ್ಲ. ಮೊರದ ಮೇಲೆ ಕಣ್ಣೀರು ಬಿದ್ದಾಗ ಸವರಿಯಮ್ಮ ತನ್ನ ಭಾಷೆಯಲ್ಲಿ ಏನೋ ಅಂದಳು.

"ಉಪ್ಪು ಕಡಿಮೆ ಹಾಕ್ತೀನಿ ಅಂತಾಳೆ" ಎಂದಳು ಅತ್ತೆ.

ಅನ್ನ ಬಸಿಯುವ ಹೊತ್ತಿಗೆ ಪಾವ್ಲು ಬಂದ. ಕಾಲು ತೊಳೆದುಕೊಂಡ. ನನ್ನ ಮುಖ ನೋಡದೆ ಕೇಳಿದ.

"ಆ ರಸೀ​ದೀಲಿ ನಾನು ಏನ್ ಬರ್ದಿದ್ದೆ?"

"ಚೆನ್ನಾಗಿದೀನಿ ಅಂತ. ತೆನೆ ಸಿಕ್ತು, ತಿಂದೆ ಅಂತ. ನಿನ್ನ ಕೈಯೂಟ ನೆನಪಾಗ್ತದೆ ಅಮ್ಮ ಅಂತ."

"ಮತ್ತೆ?"

"ಅಕ್ಕನ್ನ ಕೇಳಿದೆ ಅಂತ ಹೇಳು, ಅಂತ."

ಅವನು ಈಗ ತಲೆಯೆತ್ತಿದ. "ಅದಕ್ಕಾ? ನಿನ್ನ ಕೇಳಿರ್ಲಿಲ್ಲ ಅಂತ?" "ಕಾಗದ ಓದೋಳೇ ನೀನಲ್ವಾ ಅಕ್ಕ. ನಿನ್ನ ಕೈಯಲ್ಲಿರೋ ಕಾಗದದಲ್ಲಿ, ಅಕ್ಕ ಹೇಗಿದಾಳೆ ಅಂತ ಯಾರನ್ನ ಕೇಳ್ಲಿ? ನೀನು ನನ್ನೆದುರಿಗೇ ಇದ್ದ ಹಾಗೆ ಬರೀತಿದ್ದೆ."

ಒಲೆಯಲ್ಲಿ ತಾಳೆ ಸೋಗೆ ಚಟಪಟ ಎಂದಿತು.

"ಸರಿಯಾಗೇ ಬರ್ದಿದೀಯ" ಎಂದ ಕೊನೆಗೆ. "ಬೇರೆ ಏನೂ ಬರೀತಿರ್ಲಿಲ್ಲ ನಾನು."

"ತೆನೆ ತಂದಿದ್ದೆ ಪಾವ್ಲು. ಮೂರೂ. ಕಟ್ಟೆ ಮೇಲೆ ಕಿತ್ಕೊಂಡ್ರು."

"ಹುಳ ಹಿಡಿದಿತ್ತಾ?"

"ಹಿಡಿದಿತ್ತು."

"ಹೋಗ್ಲಿ. ಅದನ್ನ ಈಗ ತಿನ್ನೋಕಾಗಲ್ಲ." ಗೋಡೆಗೆ ಒರಗಿಸಿದ್ದ ಚಾಪೆ ಹಾಸಿ ಚಕ್ಕಳಮಕ್ಕಳ ಹಾಕಿ ಕೂತ. ಅತ್ತೆ ಕಾಲು ಚಾಚಿ ಪಕ್ಕಕ್ಕೆ ಕೂತಳು. ಸವರಿಯಮ್ಮ ಅನ್ನದ ಪಾತ್ರೆಯ ಮೇಲೆ ಸೌಟಿಟ್ಟು ನನ್ನ ಕೈಗೆ ಕೊಡಲು ಬಂದಳು. ನಾನು ಹಿಂದೆ ಸರಿದೆ. ಬಡಿಸಿ ಹೆಸರು ಕರೆಯುವುದು ಅಮ್ಮನ ಕೆಲಸ, ಅವಳ ನಂತರ ಮಗಳದು. ಆ ಕೈ ನನ್ನದೆಂದು ಹೇಳಿಕೊಳ್ಳಲು ನನಗೆ ಮುಖವಿರಲಿಲ್ಲ.

"ಅನ್ನ ಆರ್ತದೆ ಅಕ್ಕ" ಎಂದ ಪಾವ್ಲು. "ಹೆಸರು ಕರಿ."

ಅಂದು ತೆನೆ ಹಬ್ಬವಲ್ಲ. ಹೊಸ ಅಕ್ಕಿಯೂ ಅಲ್ಲ. ನಾನು ಸೌಟು ಹಿಡಿದೆ. ಅಪ್ಪನ ಹೆಸರು ಕರೆದೆ. ಅಮ್ಮನ ಹೆಸರು ಕರೆದು, ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡೆ. ಯಾರೂ ಅವಸರ ಮಾಡಲಿಲ್ಲ. ಆಮೇಲೆ ದೂರ ಇರುವವರ ಸರದಿ. ಅಭ್ಯಾಸದಿಂದ ಅವನ ಹೆಸರು ಅಲ್ಲೇ ನಾಲಿಗೆಗೆ ಬಂತು. ತಡೆದುಕೊಂಡೆ. ದೂರ ಇರುವವರು ಅಂದು ಯಾರೂ ಇರಲಿಲ್ಲ. ಎದುರಿಗೆ ಕೂತವರ ಕಡೆ ತಿರುಗಿದೆ.

"ಪಾವ್ಲು" ಎಂದೆ.

"ಇಲ್ಲಿದ್ದೀನಿ" ಎಂದು ಅವನು ತಟ್ಟೆ ಒಡ್ಡಿದ.